ವೇಗ ಇಳಿಸದ ನ್ಯೂಟ್ರಾನ್: ಕಲ್ಪಾಕ್ಕಂ ಬ್ರೀಡರ್ ರಿಯಾಕ್ಟರ್ ಕೆಲಸ ಮಾಡುವ ಬಗೆ

ಚೆಂಬೂರು, ಮಾನ್‌ಖುರ್ದ್ ಕಡೆಯ ಕನ್ನಡಿಗರಿಗೆ ಅಣುಶಕ್ತಿ ದೂರದ ವಿಷಯವೇನಲ್ಲ. ಅಣುಶಕ್ತಿ ನಗರದ ಕ್ವಾರ್ಟರ್ಸ್‌ನಲ್ಲಿ ಯಾರಾದರೂ ಒಬ್ಬ ಚಿಕ್ಕಪ್ಪನೋ ಭಾವನೋ ಇದ್ದೇ ಇರುತ್ತಾರೆ. ಆದರೂ ತಮಿಳುನಾಡಿನ ಕಲ್ಪಾಕ್ಕಂನ ಹೊಸ ಬ್ರೀಡರ್ ರಿಯಾಕ್ಟರ್ ಸುದ್ದಿಗೆ ಬಂದಾಗಲೆಲ್ಲ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡೇ ಥರದ ಮೆಸೇಜು. ಒಂದು, "ತಿಂದದ್ದಕ್ಕಿಂತ ಜಾಸ್ತಿ ಇಂಧನ ಹುಟ್ಟಿಸುವ ಯಂತ್ರ, ಇನ್ನು ದೇಶಕ್ಕೆ ಕರೆಂಟಿನ ಚಿಂತೆಯೇ ಇಲ್ಲ." ಇನ್ನೊಂದು, "ನೀರು ಸೋಕಿದರೆ ಹೊತ್ತಿಕೊಳ್ಳುವ ಸೋಡಿಯಂ ಸಾವಿರ ಟನ್ ತುಂಬಿಟ್ಟಿದ್ದಾರೆ, ಇವರಿಗೇನು ತಲೆ ಕೆಟ್ಟಿದೆಯಾ?"

ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡರಲ್ಲೂ ಕಾರಣ ಬಿಟ್ಟುಹೋಗಿದೆ. ಈ ರಿಯಾಕ್ಟರ್‌ನ ಲಾಭ, ಅಪಾಯ, ಖರ್ಚು, ಕೊನೆಗೆ ಇಷ್ಟೊಂದು ತಡವಾದದ್ದು, ಎಲ್ಲಕ್ಕೂ ಮೂಲ ಒಂದೇ ತೀರ್ಮಾನ: ಒಳಗೆ ಓಡಾಡುತ್ತಾ ಪರಮಾಣುಗಳನ್ನು ಒಡೆಯುವ ಪುಟ್ಟ ಕಣಗಳಾದ ನ್ಯೂಟ್ರಾನ್‌ಗಳ ವೇಗ ಇಳಿಸಬಾರದು. ಅದೊಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಮೊದಲು ನಮ್ಮ ಕೈಗಾದಿಂದ ಶುರು ಮಾಡೋಣ. ಉತ್ತರ ಕನ್ನಡದ ಕಾಡಿನಲ್ಲಿರುವ ಆ ಸ್ಥಾವರದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಉರಿಯುವುದು ಗಣಿಯಿಂದ ಬಂದ ಸಹಜ ಯುರೇನಿಯಂ. ಅದರ ಸಾವಿರ ಪರಮಾಣುಗಳಲ್ಲಿ ಸುಮಾರು 7 ಮಾತ್ರ ಸುಲಭವಾಗಿ ಒಡೆಯುವಂಥವು. ಅವು ಯುರೇನಿಯಂ-235. ಉಳಿದ 993 ಯುರೇನಿಯಂ-238. ಆ ಏಳಕ್ಕೆ ನ್ಯೂಟ್ರಾನ್ ಬಡಿದು ಒಡೆಯಬೇಕಾದರೆ ನ್ಯೂಟ್ರಾನ್ ನಿಧಾನವಾಗಿದ್ದಷ್ಟೂ ಒಳ್ಳೆಯದು. ಅದಕ್ಕೇ ಕೈಗಾದಲ್ಲಿ ಭಾರಜಲ ತುಂಬಿರುತ್ತಾರೆ. ಅದರ ಹಗುರ ಪರಮಾಣುಗಳಿಗೆ ಢಿಕ್ಕಿ ಹೊಡೆದೂ ಹೊಡೆದೂ ನ್ಯೂಟ್ರಾನ್‌ನ ವೇಗ ಇಳಿಯುತ್ತದೆ.

ಹಾಗಾದರೆ ಆ 993ರ ಗತಿ ಏನು? ಬಹುಪಾಲು ಹಾಗೇ ಉಳಿಯುತ್ತದೆ. ಅಗೆದು, ಶುದ್ಧಮಾಡಿ, ಗುಳಿಗೆಯಾಗಿಸಿ, ರಿಯಾಕ್ಟರ್‌ನೊಳಗೆ ಇಟ್ಟು, ಹೊರಗೆ ತೆಗೆದ ಯುರೇನಿಯಂನಲ್ಲಿ ನಿಜಕ್ಕೂ ಶಕ್ತಿ ಕೊಟ್ಟದ್ದು ನೂರಕ್ಕೆ ಒಂದು ಭಾಗವೂ ಇಲ್ಲ. ನಮ್ಮಲ್ಲಿ ಯುರೇನಿಯಂ ಗಣಿಗಳೇ ಕಮ್ಮಿ. ಇರುವ ಅದಿರಿನಲ್ಲೂ ಸತ್ವ ಕಡಿಮೆ. ಅಂಥ ದೇಶ ನೂರಕ್ಕೆ ತೊಂಬತ್ತೊಂಬತ್ತನ್ನು ಮೂಲೆಗೆ ಹಾಕಿ ಕೂರುವುದು ಯಾವ ಲೆಕ್ಕ? ಹೋಮಿ ಭಾಭಾ 1950ರ ದಶಕದಲ್ಲೇ ಈ ಪ್ರಶ್ನೆ ಎತ್ತಿಕೊಂಡು ಮೂರು ಹಂತದ ಯೋಜನೆ ಹಾಕಿದರು. ಕೈಗಾ ಥರದ ಸ್ಥಾವರಗಳು ಮೊದಲ ಹಂತ. ಬ್ರೀಡರ್ ಎರಡನೆಯದು. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿರುವ ಥೋರಿಯಂ ಮೂರನೆಯದು.

ಆ 993ರಲ್ಲಿ ಒಂದು ಗುಣವಿದೆ. ಯುರೇನಿಯಂ-238 ಒಂದು ನ್ಯೂಟ್ರಾನ್ ನುಂಗಿದರೆ ಯುರೇನಿಯಂ-239 ಆಗುತ್ತದೆ. ಅದಕ್ಕೆ ಆಯಸ್ಸಿಲ್ಲ, ಸುಮಾರು 23 ನಿಮಿಷದಲ್ಲಿ ಅರ್ಧದಷ್ಟು ನೆಪ್ಚೂನಿಯಂ ಆಗಿಬಿಡುತ್ತದೆ. ನೆಪ್ಚೂನಿಯಂ ಎರಡು ಚಿಲ್ಲರೆ ದಿನಕ್ಕೆ ಅರ್ಧದಷ್ಟರ ಲೆಕ್ಕದಲ್ಲಿ ಪ್ಲುಟೋನಿಯಂ-239 ಆಗುತ್ತದೆ. ಈ ಪ್ಲುಟೋನಿಯಂ ಮಾತ್ರ ಚೆನ್ನಾಗಿ ಒಡೆಯುತ್ತದೆ, ಒಳ್ಳೆಯ ಇಂಧನ. ಅಂದರೆ ಬ್ರೀಡರ್ ಶೂನ್ಯದಿಂದ ಏನನ್ನೂ ಹುಟ್ಟಿಸುವುದಿಲ್ಲ. ಒಡೆಯದ ಯುರೇನಿಯಂ ಅನ್ನು ಒಡೆಯುವ ಪ್ಲುಟೋನಿಯಂ ಮಾಡಿಕೊಡುತ್ತದೆ, ಅಷ್ಟೆ. ಖರ್ಚಾಗುವುದು ಯುರೇನಿಯಂ-238. ಅದು ನಮ್ಮ ಹತ್ತಿರ ರಾಶಿ ಬಿದ್ದಿದೆ.

ಕೈಗಾದಲ್ಲೂ ಸ್ವಲ್ಪ ಪ್ಲುಟೋನಿಯಂ ಹುಟ್ಟುತ್ತದೆ. ಆದರೆ ಅಲ್ಲಿ ಹುಟ್ಟುವುದು ಖರ್ಚಾದದ್ದಕ್ಕಿಂತ ಕಡಿಮೆ. ಯಾಕೆ ಅಂದರೆ ನ್ಯೂಟ್ರಾನ್‌ಗಳ ಬಜೆಟ್ ಸಾಲುವುದಿಲ್ಲ. ಪ್ರತಿ ಸಲ ಒಂದು ಪರಮಾಣು ಖರ್ಚಾದಾಗ ಬರುವ ನ್ಯೂಟ್ರಾನ್‌ಗಳಲ್ಲಿ ಒಂದು ಮುಂದಿನದನ್ನು ಒಡೆಯಬೇಕು, ಇಲ್ಲದಿದ್ದರೆ ಸರಪಳಿ ನಿಂತುಹೋಗುತ್ತದೆ. ಇನ್ನೊಂದು ಯುರೇನಿಯಂ-238ಕ್ಕೆ ಹೋಗಿ ಖರ್ಚಾದ ಪರಮಾಣುವಿನ ಜಾಗ ತುಂಬಬೇಕು. ಉಕ್ಕಿಗೆ, ಉರಿಯನ್ನು ಹಿಡಿತದಲ್ಲಿಡುವ ಕಂಟ್ರೋಲ್ ರಾಡಿಗೆ, ಹೊರಗೆ ತಪ್ಪಿಸಿಕೊಂಡು ಹೋಗುವುದಕ್ಕೆ ಅಂತ ಒಂದಿಷ್ಟು ಬೇರೆ ಬೇಕು. ಒಟ್ಟಿನಲ್ಲಿ ಎರಡರ ಮೇಲೆ ಕೈಯಲ್ಲಿ ಏನಾದರೂ ಉಳಿಯಲೇಬೇಕು. ನಿಧಾನದ ನ್ಯೂಟ್ರಾನ್ ಪ್ಲುಟೋನಿಯಂಗೆ ಬಡಿದಾಗ ನಾಲ್ಕರಲ್ಲಿ ಒಂದು ಸಲ ಅದು ಒಡೆಯುವುದೇ ಇಲ್ಲ, ನ್ಯೂಟ್ರಾನ್ ನುಂಗಿಕೊಂಡು ಸುಮ್ನೆ ಕೂತುಬಿಡುತ್ತದೆ. ವೇಗದ ನ್ಯೂಟ್ರಾನ್ ಬಡಿದರೆ ಈ ನಷ್ಟ ತುಂಬಾ ಕಮ್ಮಿ, ಮೇಲಾಗಿ ಒಡೆದಾಗ ಬರುವ ನ್ಯೂಟ್ರಾನ್ ಕೂಡ ಮೂರರ ಹತ್ತಿರ. ಬಜೆಟ್ ಅಲ್ಲಿ ಉಳಿತಾಯಕ್ಕೆ ಬರುತ್ತದೆ. ವೇಗ ಇಳಿಸಬಾರದು ಅನ್ನುವುದು ಇದಕ್ಕೆ.

ಇಲ್ಲಿಗೆ ಒಳ್ಳೆಯ ಸುದ್ದಿ ಮುಗಿಯಿತು. ಇನ್ನು ಅದಕ್ಕೆ ತೆರಬೇಕಾದ ಬೆಲೆ.

ಮೊದಲನೆಯ ಬೆಲೆ ಪ್ಲುಟೋನಿಯಂ. ವೇಗದ ನ್ಯೂಟ್ರಾನ್ ಉಳಿತಾಯ ಕೊಡುತ್ತದೆ ನಿಜ, ಆದರೆ ಅದು ಪರಮಾಣುವಿಗೆ ತಾಗುವ ಸಾಧ್ಯತೆಯೇ ಕಡಿಮೆ. ಹಾಗಾಗಿ ಇಂಧನ ದಟ್ಟವಾಗಿರಬೇಕು. ಕಲ್ಪಾಕ್ಕಂನ ಈ ಮೂಲಮಾದರಿ ರಿಯಾಕ್ಟರ್‌ನ, ಅಂದರೆ ಪಿಎಫ್‌ಬಿಆರ್‌ನ, ಇಂಧನದಲ್ಲಿ ಒಳಸುತ್ತಿಗೆ ಶೇಕಡಾ 21, ಹೊರಸುತ್ತಿಗೆ ಶೇಕಡಾ 28 ಪ್ಲುಟೋನಿಯಂ ಆಕ್ಸೈಡ್. ಉಳಿದದ್ದು ಯುರೇನಿಯಂ ಆಕ್ಸೈಡ್. ಮೊದಲ ಸಲ ತುಂಬಲಿಕ್ಕೇ ಸುಮಾರು 2 ಟನ್ ಪ್ಲುಟೋನಿಯಂ ಬೇಕು. ಅದು ಬರಬೇಕಾದದ್ದು ಕೈಗಾ ಥರದ ಸ್ಥಾವರಗಳ ಸುಟ್ಟ ಇಂಧನದಿಂದ. ಅಲ್ಲಿ ಒಂದು ಟನ್‌ಗೆ ನಾಲ್ಕು ಕಿಲೋ ಕೂಡ ಸಿಗುವುದಿಲ್ಲ. ಲೆಕ್ಕ ಹಾಕಿ: 500 ಟನ್‌ಗೂ ಜಾಸ್ತಿ ಸುಟ್ಟ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಬೇರ್ಪಡಿಸಬೇಕು. ಕೈಗಾದ ನಾಲ್ಕೂ ಘಟಕ ಮೂರ್ನಾಲ್ಕು ವರ್ಷ ಓಡಿದರೆ ಬರುವಷ್ಟು.

ಈ ಬೇರ್ಪಡಿಸುವ ವಿದ್ಯೆ ಶುರುವಾದದ್ದು ಇಲ್ಲೇ, ಟ್ರಾಂಬೆಯಲ್ಲಿ. 1964ರಲ್ಲಿ ಅಲ್ಲಿನ ಪ್ಲುಟೋನಿಯಂ ಘಟಕ ಕೆಲಸ ಆರಂಭಿಸಿತು. ಅದರ ಪ್ಲುಟೋನಿಯಂ ಇಟ್ಟುಕೊಂಡು 1972ರಲ್ಲಿ 'ಪೂರ್ಣಿಮಾ' ಅಂತ ಪುಟ್ಟ ರಿಯಾಕ್ಟರ್ ಕಟ್ಟಿದರು. ಭಾರತದ ಮೊದಲ ಫಾಸ್ಟ್ ರಿಯಾಕ್ಟರ್, ಅಂದರೆ ವೇಗದ ನ್ಯೂಟ್ರಾನ್‌ನಿಂದ ನಡೆಯುವ ರಿಯಾಕ್ಟರ್, ಅದು. ಕಲ್ಪಾಕ್ಕಂನಲ್ಲಿ ಅಲ್ಲ, ಮುಂಬೈಯಲ್ಲಿ. ಅದರ ಶಕ್ತಿ ಎಷ್ಟು ಕಡಿಮೆ ಅಂದರೆ ತಂಪು ಮಾಡಲು ಸೋಡಿಯಂ ಬೇಡ, ಗಾಳಿಯೇ ಸಾಕಿತ್ತು. ಅಲ್ಲಿ ಕಲಿತದ್ದು 1974ರ ಪೋಖ್ರಾನ್ ಪರೀಕ್ಷೆಗೂ ಉಪಯೋಗಕ್ಕೆ ಬಂತು. ಆಗ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ, ಅಂದರೆ ಬಿಎಆರ್‌ಸಿಯ, ನಿರ್ದೇಶಕರಾಗಿದ್ದವರು ನಮ್ಮ ತುಮಕೂರಿನ ರಾಜಾ ರಾಮಣ್ಣ. ಕರೆಂಟಿನ ಪ್ಲುಟೋನಿಯಂ, ಬಾಂಬಿನ ಪ್ಲುಟೋನಿಯಂ ಎರಡೂ ಹತ್ತಿರದ ನೆಂಟರು ಅನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಜತೆಗಿನ 2008ರ ಅಣು ಒಪ್ಪಂದದ ಹೊತ್ತಿಗೆ ಹಲವು ಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ಭಾರತ, ಪಿಎಫ್‌ಬಿಆರ್ ಅನ್ನೂ ಕೈಗಾವನ್ನೂ ಅದರಿಂದ ಹೊರಗಿಟ್ಟುಕೊಂಡಿತು.

ಪಿಎಫ್‌ಬಿಆರ್‌ನ ಇಂಧನ ಕಡ್ಡಿ ಕೂಡ ನಮ್ಮ ನೆರೆಯಲ್ಲೇ ತಯಾರಾದದ್ದು. ವೆಸ್ಟರ್ನ್ ಲೈನಿನಲ್ಲಿ ವಿರಾರ್ ದಾಟಿ ಬೋಯಿಸರ್‌ನಲ್ಲಿ ಇಳಿದರೆ ತಾರಾಪುರ ಹತ್ತಿರ. ಅಲ್ಲಿರುವ ಬಿಎಆರ್‌ಸಿಯ ಇಂಧನ ಘಟಕದಲ್ಲಿ ಕೆಲಸವೆಲ್ಲ ಗ್ಲೋವ್ ಬಾಕ್ಸ್ ಒಳಗೆ. ಗಾಜಿನ ಗೋಡೆಯ ಮುಚ್ಚಿದ ಪೆಟ್ಟಿಗೆ, ಅದಕ್ಕೆ ಅಂಟಿಸಿದ ಉದ್ದನೆ ರಬ್ಬರ್ ಕೈಗವಸು. ಹೊರಗೆ ನಿಂತು ಕೈ ತೂರಿಸಿ ಒಳಗಿನ ಪುಡಿಯನ್ನು ನಿಭಾಯಿಸಬೇಕು. ಪ್ಲುಟೋನಿಯಂನ ಕಿರಣ ಚರ್ಮ ದಾಟುವಂಥದ್ದಲ್ಲ. ಆದರೆ ಅದರ ಧೂಳು ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತು ಕೆಡಿಸುತ್ತದೆ, ಅದಕ್ಕೆ ಇಷ್ಟು ಮಡಿ. ಪುಡಿಯನ್ನು ಒತ್ತಿ, ಸುಟ್ಟು, ಪೆನ್ಸಿಲಿಗಿಂತ ಸಣ್ಣ ಗುಳಿಗೆ ಮಾಡುತ್ತಾರೆ. ಪ್ರತಿ ಗುಳಿಗೆಯ ನಡುವೆ ಒಂದು ತೂತು, ಉರಿಯುವಾಗ ನಡುಭಾಗ ಕರಗಬಾರದು ಅಂತ. ಗುಳಿಗೆಗಳನ್ನು 6.6 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಗೆ ತುಂಬಿದರೆ ಒಂದು ಕಡ್ಡಿ. ಅಂಥ 217 ಕಡ್ಡಿಗಳು ಒಂದು ಆರು ಮೂಲೆಯ ಕಟ್ಟಿನಲ್ಲಿ. ಅಂಥ 181 ಕಟ್ಟುಗಳು ಸೇರಿದರೆ ರಿಯಾಕ್ಟರ್‌ನ ಒಡಲು. ಕಡ್ಡಿ ಕಡ್ಡಿಯ ನಡುವೆ ಸೋಡಿಯಂ ಹರಿಯಲು ಜಾಗ ಇರಬೇಕಲ್ಲ, ಅದಕ್ಕೆ ಪ್ರತಿಯೊಂದಕ್ಕೂ ಸಣ್ಣ ತಂತಿ ಸುತ್ತಿರುತ್ತಾರೆ.

ಸೋಡಿಯಂ ಯಾಕೆ ಬೇಕಿತ್ತು?

ಎರಡನೆಯ ಬೆಲೆ ಸೋಡಿಯಂ. ಆ ಒಡಲಿನ ಉರಿಯುವ ಭಾಗ ಸುಮಾರು ಒಂದು ಮೀಟರ್ ಎತ್ತರ, ಎರಡು ಮೀಟರ್ ಅಗಲ. ನಮ್ಮ ಮುಂಬೈ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಹಿಡಿಸುವಷ್ಟು ಜಾಗ. ಅದರೊಳಗೆ ಹುಟ್ಟುವ ಶಾಖ 1,250 ಮೆಗಾವ್ಯಾಟ್. ಅದರಲ್ಲಿ ಕರೆಂಟಾಗಿ ಹೊರಬರುವುದು 500. ಇಷ್ಟು ಶಾಖವನ್ನು ಕ್ಷಣ ಬಿಡದೆ ಹೊತ್ತೊಯ್ಯುವ ದ್ರವ ಬೇಕು, ಅದು ನ್ಯೂಟ್ರಾನ್‌ನ ವೇಗವನ್ನೂ ಇಳಿಸಬಾರದು. ನೀರು ಅಲ್ಲೇ ಫೇಲ್. ನೀರಿನ ಹೈಡ್ರೋಜನ್ ನ್ಯೂಟ್ರಾನ್‌ನಷ್ಟೇ ತೂಕದ್ದು, ಒಂದೆರಡು ಢಿಕ್ಕಿಯಲ್ಲೇ ವೇಗ ಕಿತ್ತುಕೊಳ್ಳುತ್ತದೆ. ಸೋಡಿಯಂ ಪರಮಾಣು ಅದಕ್ಕಿಂತ 23 ಪಟ್ಟು ಭಾರ, ನ್ಯೂಟ್ರಾನ್ ಬಡಿದರೂ ಹೆಚ್ಚು ವೇಗ ಕಳೆದುಕೊಳ್ಳದೆ ಪುಟಿಯುತ್ತದೆ. 98 ಡಿಗ್ರಿಗೆ ಕರಗುತ್ತದೆ, 883 ಡಿಗ್ರಿವರೆಗೆ ಕುದಿಯುವುದಿಲ್ಲ. ಲೋಹವಾದ್ದರಿಂದ ಶಾಖ ಸಾಗಿಸುವುದರಲ್ಲಿ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ.

ಜನ ಮರೆಯುವ ಒಂದು ವಿಷಯ ಇದೆ. ಸೋಡಿಯಂಗೆ ಒತ್ತಡ ಬೇಡ. ಕೂಡಂಕುಳಂ ಥರದ ರಿಯಾಕ್ಟರ್‌ನಲ್ಲಿ ನೀರು ಕುದಿಯದಿರಲಿ ಅಂತ ಸುಮಾರು 150 ವಾತಾವರಣದಷ್ಟು ಒತ್ತಡದಲ್ಲಿ ಹಿಡಿದಿಡಬೇಕು. ಪಿಎಫ್‌ಬಿಆರ್‌ನಲ್ಲಿ ಸೋಡಿಯಂ 397 ಡಿಗ್ರಿಯಲ್ಲಿ ಒಡಲಿಗೆ ಹೋಗಿ 547 ಡಿಗ್ರಿಯಲ್ಲಿ ಹೊರಬರುತ್ತದೆ, ಆದರೂ ಕುದಿಯುವುದಕ್ಕೆ ಇನ್ನೂ 300 ಡಿಗ್ರಿಗಿಂತ ಜಾಸ್ತಿ ಬಾಕಿ. ಹಾಗಾಗಿ ಸುಮಾರು 13 ಮೀಟರ್ ಅಗಲದ ಅದರ ಮುಖ್ಯ ಪಾತ್ರೆಯ ಗೋಡೆ ಕೆಲವೇ ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಪೈಪು ಸಿಡಿದು ಒಳಗಿದ್ದದ್ದೆಲ್ಲ ಹಬೆಯಾಗಿ ಹಾರಿಹೋಗುವ ಭಯ ಇಲ್ಲಿಲ್ಲ. ಪಂಪ್, ಶಾಖ ವಿನಿಮಯ ಯಂತ್ರ, ಒಡಲು ಎಲ್ಲವೂ 1,150 ಟನ್ ಸೋಡಿಯಂನ ಕೊಳದಲ್ಲೇ ಮುಳುಗಿವೆ. ಕರೆಂಟೇ ಹೋದರೂ ಬಿಸಿ ಸೋಡಿಯಂ ತಾನೇ ಮೇಲೇರಿ, ತಂಪಾದದ್ದು ಕೆಳಗಿಳಿದು, ಉಳಿಕೆ ಶಾಖ ಗಾಳಿಗೆ ಹೋಗುವಂತೆ ನಾಲ್ಕು ಬೇರೆ ಬೇರೆ ದಾರಿಗಳಿವೆ. ಸೋಡಿಯಂ ಹೆಸರು ಕೇಳಿದೊಡನೆ ಕೈ ಮೇಲೆತ್ತುವವರು ಈ ಭಾಗವನ್ನು ಒಮ್ಮೆ ಓದಬೇಕು.

ಹಾಗಂತ ಅದು ಸಾಧು ಅಲ್ಲ. ಜೂನಿಯರ್ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಬಾಟಲಿಯಿಂದ ಅಕ್ಕಿಕಾಳಿನಷ್ಟು ಸೋಡಿಯಂ ಕತ್ತರಿಸಿ ನೀರಿಗೆ ಹಾಕಿದರೆ ಅದು ಸುಯ್ ಅಂತ ಓಡಾಡಿ ಕರಗುತ್ತಿತ್ತು. ಪಿಎಫ್‌ಬಿಆರ್‌ನಲ್ಲಿ ಎಲ್ಲ ಸೇರಿ ಇರುವುದು ಸುಮಾರು 1,750 ಟನ್. ಬಿಸಿ ಸೋಡಿಯಂ ಗಾಳಿಗೆ ಬಂದರೂ ಉರಿಯುತ್ತದೆ, ಅದಕ್ಕೇ ಕೊಳದ ಮೇಲೆ ಆರ್ಗಾನ್ ಅನಿಲದ ಹೊದಿಕೆ. ಇನ್ನೊಂದು ತೊಡಕು: ಒಡಲಿನಲ್ಲಿ ಹಾಯುವ ಸೋಡಿಯಂ ತಾನೂ ನ್ಯೂಟ್ರಾನ್ ನುಂಗಿ ವಿಕಿರಣ ಸೂಸುತ್ತದೆ. ಅದರ ಅರ್ಧಾಯುಷ್ಯ 15 ಗಂಟೆ. ಅಂಥದ್ದನ್ನು ನೇರವಾಗಿ ನೀರಿನ ಪಕ್ಕಕ್ಕೆ ಕಳಿಸುವ ಹಾಗಿಲ್ಲ. ಅದಕ್ಕೆ ನಡುವೆ ಎರಡನೆಯ ಸೋಡಿಯಂ ಸುತ್ತು. ಕೊಳದ ಸೋಡಿಯಂ ಇದಕ್ಕೆ ಶಾಖ ಕೊಡುತ್ತದೆ, ಇದು ಹೊರಗೆ ಬಂದು ಹಬೆಯಂತ್ರದಲ್ಲಿ ನೀರನ್ನು ಕುದಿಸುತ್ತದೆ. ಅಂಥ ಹಬೆಯಂತ್ರಗಳು ಎಂಟು.

ನನ್ನ ಪ್ರಕಾರ ಇಡೀ ಸ್ಥಾವರದಲ್ಲಿ ಎಂಜಿನಿಯರುಗಳ ನಿದ್ದೆ ಕೆಡಿಸುವ ಜಾಗ ಇದೇ. ಕೊಳವೆಯ ಒಳಗೆ ನೀರು, ಹೊರಗೆ ಸೋಡಿಯಂ, ನಡುವೆ ಕೆಲವು ಮಿಲಿಮೀಟರ್ ಉಕ್ಕು. ಒಂದು ವೆಲ್ಡಿಂಗ್‌ನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಹಬೆ ಚಿಮ್ಮಿ ಸೋಡಿಯಂ ಜತೆ ಸೇರಿ ಪಕ್ಕದ ಕೊಳವೆಯನ್ನೂ ಕೊರೆಯುತ್ತದೆ. ಆಗ ಹುಟ್ಟುವ ಹೈಡ್ರೋಜನ್‌ನ ಚೂರು ಸುಳಿವನ್ನೇ ಹಿಡಿಯುವ ಸೆನ್ಸರ್‌ಗಳನ್ನು ಅಲ್ಲಿ ಕೂರಿಸಿರುತ್ತಾರೆ. ಒತ್ತಡ ಏರಿದರೆ ತಾನೇ ಒಡೆದು ದಾರಿ ಬಿಡುವ ತೆಳು ತಟ್ಟೆಗಳೂ ಇರುತ್ತವೆ.

ಮತ್ತೆ, ಸೋಡಿಯಂ ಪಾರದರ್ಶಕ ಅಲ್ಲ. ಬೆಳ್ಳಿ ಬಣ್ಣದ ಹೊಳೆಯುವ ದ್ರವ, ಒಳಗೇನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನೀರಿನ ರಿಯಾಕ್ಟರ್‌ನಲ್ಲಿ ಇಂಧನ ಬದಲಿಸುವಾಗ ಕ್ಯಾಮೆರಾ ಇಳಿಸಬಹುದು. ಇಲ್ಲಿ ಕುರುಡಾಗಿ ಕೆಲಸ ಮಾಡಬೇಕು, ಅಲ್ಟ್ರಾಸೌಂಡ್ ನೆರವಿನಿಂದ ತಡಕಾಡಬೇಕು. ಕಲ್ಪಾಕ್ಕಂನಲ್ಲೇ 1985ರಿಂದ ಇರುವ ಸಣ್ಣ ಪರೀಕ್ಷಾ ರಿಯಾಕ್ಟರ್ ಎಫ್‌ಬಿಟಿಆರ್‌ನಲ್ಲಿ 1987ರಲ್ಲಿ ಇಂಧನ ಸಾಗಿಸುವಾಗ ಒಂದು ಕಟ್ಟು ಸಿಕ್ಕಿಹಾಕಿಕೊಂಡು ಬಾಗಿತು. ಸರಿಪಡಿಸಿ ಮತ್ತೆ ಚಾಲೂ ಮಾಡಲು ಎರಡು ವರ್ಷ ಬೇಕಾಯಿತು. ಅದೇ ರಿಯಾಕ್ಟರ್‌ನಲ್ಲಿ 2002ರಲ್ಲಿ 75 ಕಿಲೋ ಸೋಡಿಯಂ ಸೋರಿತು. ಆದರೂ ಅದನ್ನು ಬಿಟ್ಟುಕೊಡದೆ ಓಡಿಸಿ, 2022ರಲ್ಲಿ ಮೂಲ ಗುರಿಯಾದ 40 ಮೆಗಾವ್ಯಾಟ್ ಶಾಖದ ಮಟ್ಟಕ್ಕೆ ತಂದರು. ನಮ್ಮವರ ನಿಜವಾದ ಪಾಠಶಾಲೆ ಅದು.

ಭೌತಶಾಸ್ತ್ರದ ಇನ್ನೊಂದು ಗಂಟೂ ಇದೆ. ಕೂಡಂಕುಳಂ ಥರದ ನೀರಿನ ರಿಯಾಕ್ಟರ್‌ನಲ್ಲಿ ನೀರು ಆವಿಯಾದರೆ ನ್ಯೂಟ್ರಾನ್ ನಿಧಾನವಾಗುವುದು ನಿಂತು ಉರಿ ತಾನೇ ಇಳಿಯುತ್ತದೆ. ಇಲ್ಲಿ ಒಡಲಿನ ನಡುಭಾಗದಲ್ಲಿ ಸೋಡಿಯಂ ಕುದಿದು ಖಾಲಿಯಾದರೆ ಉರಿ ಏರುವ ಕಡೆಗೆ ವಾಲುತ್ತದೆ. ಇಂಧನ ಬಿಸಿಯಾದಂತೆ ಯುರೇನಿಯಂ-238 ಹೆಚ್ಚು ನ್ಯೂಟ್ರಾನ್ ನುಂಗುವುದರಿಂದ ಅದಕ್ಕೊಂದು ಸಹಜ ಲಗಾಮು ಇದೆ. ಜತೆಗೆ ಎರಡು ಬೇರೆ ವಿನ್ಯಾಸದ 12 ಕಂಟ್ರೋಲ್ ರಾಡುಗಳು, ಕೆಟ್ಟದ್ದಕ್ಕೆಲ್ಲ ಕೆಟ್ಟದ್ದಾದರೆ ಕರಗಿದ ಇಂಧನ ಹಿಡಿಯಲು ತಳದಲ್ಲಿ ಒಂದು ತಟ್ಟೆ. ಇಷ್ಟು ಸಾಕೇ ಅನ್ನುವುದು ತಜ್ಞರ ನಡುವೆ ಹಳೆಯ ಜಗಳ. ಅದನ್ನು ದೇಶದ್ರೋಹ ಅಂತ ತಳ್ಳಿಹಾಕುವುದು ಮೂರ್ಖತನ.

ಬೇರೆಯವರು ಏನು ಮಾಡಿದರು?

1951ರಲ್ಲಿ ಅಮೆರಿಕದ ಐಡಾಹೊದಲ್ಲಿ ಅಣುಶಕ್ತಿಯ ಕರೆಂಟಿನಿಂದ ಮೊದಲ ಸಲ ನಾಲ್ಕು ಬಲ್ಬು ಉರಿದದ್ದು ಒಂದು ಬ್ರೀಡರ್‌ನಿಂದಲೇ. ಆಮೇಲೆ ಶ್ರೀಮಂತ ದೇಶಗಳೆಲ್ಲ ಇದರ ಹಿಂದೆ ಬಿದ್ದವು. ಫ್ರಾನ್ಸ್‌ನ ದೊಡ್ಡ ಸೂಪರ್‌ಫೀನಿಕ್ಸ್ 1990ರ ದಶಕ ಮುಗಿಯುವ ಮೊದಲೇ ಮುಚ್ಚಿತು. ಜಪಾನಿನ ಮೊಂಜು ಕತೆ ಇನ್ನೂ ಬೇಸರದ್ದು. 1995ರ ಡಿಸೆಂಬರ್‌ನಲ್ಲಿ ಎರಡನೆಯ ಸುತ್ತಿನ ಪೈಪಿನೊಳಗಿದ್ದ ಉಷ್ಣತೆ ಅಳೆಯುವ ಕಡ್ಡಿಯ ಕವಚ, ಹರಿವಿಗೆ ಅದುರಿ ಅದುರಿ ಮುರಿಯಿತು. ಸುಮಾರು 640 ಕಿಲೋ ಸೋಡಿಯಂ ಸೋರಿ ಬೆಂಕಿ ಹತ್ತಿತು. ವಿಕಿರಣ ಹೊರಬರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೆ ನಡೆಸುತ್ತಿದ್ದವರು ವಿಡಿಯೋ ಕತ್ತರಿಸಿ ತೋರಿಸಿದ್ದು ಬಯಲಾಗಿ ಜನರ ನಂಬಿಕೆ ಹೋಯಿತು. 2010ರಲ್ಲಿ ಮತ್ತೆ ಶುರುಮಾಡಿದರು. ಅದೇ ವರ್ಷ ಇಂಧನ ಸಾಗಿಸುವ 3 ಟನ್‌ಗೂ ಮಿಕ್ಕಿದ ಯಂತ್ರ ಪಾತ್ರೆಯೊಳಗೆ ಬಿತ್ತು. 2016ರಲ್ಲಿ ಮುಚ್ಚುವ ತೀರ್ಮಾನ. ಇಪ್ಪತ್ತು ವರ್ಷಕ್ಕೂ ಮೀರಿದ ಆಯಸ್ಸಿನಲ್ಲಿ ಅದು ಓಡಿದ್ದು ಸುಮಾರು 250 ದಿನ.

ರಷ್ಯನ್ನರು ಮಾತ್ರ ಬಿಡಲಿಲ್ಲ. ಅವರ ಬಿಎನ್-600 ರಿಯಾಕ್ಟರ್ 1980ರಿಂದ ಕರೆಂಟು ಕೊಡುತ್ತಾ ಬಂದಿದೆ. ಮೊದಲ ವರ್ಷಗಳಲ್ಲಿ ಅಲ್ಲೂ ಹಲವು ಸಲ ಸೋಡಿಯಂ ಸೋರಿ ಉರಿದಿದೆ. ಆದರೆ ಹಬೆಯಂತ್ರವನ್ನು ತುಂಡು ತುಂಡಾಗಿ ಬೇರ್ಪಡಿಸುವಂತೆ ಕಟ್ಟಿದ್ದರಿಂದ ಕೆಟ್ಟ ಭಾಗವನ್ನಷ್ಟೇ ಮುಚ್ಚಿ ಉಳಿದದ್ದನ್ನು ಓಡಿಸಿದರು. ಸೋರಿಕೆ ಆಗಿಯೇ ಆಗುತ್ತದೆ ಅಂತ ಒಪ್ಪಿಕೊಂಡು ಕಟ್ಟಿದವರು ಗೆದ್ದರು ಅನ್ನಬಹುದು.

ಪಿಎಫ್‌ಬಿಆರ್ ಕಟ್ಟಲು 2003ರಲ್ಲಿ ಭಾವಿನಿ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಮಂಜೂರಾದ ಮೊತ್ತ 3,492 ಕೋಟಿ, ಮುಗಿಯಬೇಕಿದ್ದುದು 2010ರಲ್ಲಿ. 2004ರಲ್ಲಿ ಕೆಲಸ ಶುರುವಾಯಿತು, ಆ ಡಿಸೆಂಬರ್ 26ರ ಸುನಾಮಿ ಅಡಿಪಾಯದ ಗುಂಡಿಗೆ ನೀರು ತುಂಬಿಸಿತು. ಮುಂದೆ ಖರ್ಚು 5,677 ಕೋಟಿಗೆ ಏರಿತು, ಆಮೇಲೆ ಅದನ್ನೂ ದಾಟಿತು. 2024ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ಎದುರು ಒಡಲು ತುಂಬುವ ಕೆಲಸ ಆರಂಭವಾಯಿತು. ಜುಲೈನಲ್ಲಿ ಇಂಧನ ಹಾಕಿ ಸರಪಳಿ ಕ್ರಿಯೆಯತ್ತ ಸಾಗಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬಂತು. ಆ ಮಂಡಳಿಯ ಕಚೇರಿ ಇರುವುದೂ ಇಲ್ಲೇ, ಅಣುಶಕ್ತಿ ನಗರದಲ್ಲಿ. ಹದಿನಾಲ್ಕು ವರ್ಷಕ್ಕೂ ಮೀರಿದ ತಡ ದೊಡ್ಡದೇ. ಆದರೆ 2010ಕ್ಕೆ ಮುಗಿಸುತ್ತೇವೆ ಅಂದದ್ದೇ ಅತಿಯಾಯಿತು ಅಂತ ನನಗನ್ನಿಸುತ್ತದೆ.

ನಿಜಕ್ಕೂ ಎಷ್ಟು ಜಾಸ್ತಿ?

ಈಗ ಆ ಮೊದಲ ಫಾರ್ವರ್ಡಿಗೆ ಬರೋಣ. ಪಿಎಫ್‌ಬಿಆರ್‌ನ ಬ್ರೀಡಿಂಗ್ ಅನುಪಾತ ಸುಮಾರು 1.05. ನೂರು ಪರಮಾಣು ಖರ್ಚಾದರೆ ನೂರೈದು ಹುಟ್ಟುತ್ತವೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ಒಂದು ಚಮಚ ಮೊಸರಿನಿಂದ ಪಾತ್ರೆ ತುಂಬಾ ಮೊಸರಾಗುತ್ತದೆ. ಬ್ರೀಡರ್‌ನ ಹೆಪ್ಪು ಹಾಗಲ್ಲ, ಹಾಕಿದ್ದಕ್ಕಿಂತ ಚೂರೇ ಚೂರು ಜಾಸ್ತಿ ಮರಳುತ್ತದೆ.

ಒರಟು ಲೆಕ್ಕ ನೋಡಿ. ಈ ಗಾತ್ರದ ರಿಯಾಕ್ಟರ್ ಚೆನ್ನಾಗಿ ಓಡಿದರೆ ವರ್ಷಕ್ಕೆ ಸುಮಾರು 400 ಕಿಲೋ ಇಂಧನ ನಿಜಕ್ಕೂ ಖರ್ಚಾಗುತ್ತದೆ. ಅದರ ಶೇಕಡಾ 5 ಅಂದರೆ 20 ಕಿಲೋ ಉಳಿತಾಯ. ಇನ್ನೊಂದು ರಿಯಾಕ್ಟರ್ ಶುರುಮಾಡಲು ಬೇಕಾದದ್ದು 2 ಟನ್. ಅಷ್ಟು ಕೂಡಿಸಲು ನೂರು ವರ್ಷ ಬೇಕು, ಇದರ ವಿನ್ಯಾಸದ ಆಯಸ್ಸು 40 ವರ್ಷ. ಜತೆಗೆ ಹುಟ್ಟಿದ ಪ್ಲುಟೋನಿಯಂ ತಾನಾಗಿ ಒಲೆಗೆ ಬೀಳುವುದಿಲ್ಲ. ಸುಟ್ಟ ಕಟ್ಟನ್ನು ಹೊರತೆಗೆದು, ಆರಿಸಿ, ಕರಗಿಸಿ, ಬೇರ್ಪಡಿಸಿ, ಮತ್ತೆ ಗುಳಿಗೆ ಮಾಡಬೇಕು. ಆ ಸುತ್ತಿನಲ್ಲಿ ಕಳೆಯುವ ವರ್ಷಗಳಲ್ಲಿ ಅಷ್ಟೂ ಪ್ಲುಟೋನಿಯಂ ಕೆಲಸವಿಲ್ಲದೆ ಕೂತಿರುತ್ತದೆ.

ಹಾಗಾದರೆ ಇದೆಲ್ಲ ದಂಡವಾ? ಅಲ್ಲ. ಹೆಸರಲ್ಲೇ ಮೂಲಮಾದರಿ ಅಂತಿದೆ. ಇದರ ಆಕ್ಸೈಡ್ ಇಂಧನವನ್ನು ಆರಿಸಿಕೊಂಡದ್ದು ಪಳಗಿದ ದಾರಿ ಅಂತ, ಜಾಸ್ತಿ ಹುಟ್ಟಿಸಲಿ ಅಂತಲ್ಲ. ಆಕ್ಸೈಡ್‌ನಲ್ಲಿರುವ ಆಮ್ಲಜನಕ ನ್ಯೂಟ್ರಾನ್‌ನ ವೇಗವನ್ನು ಸ್ವಲ್ಪ ಇಳಿಸಿಯೇ ಬಿಡುತ್ತದೆ. ಆಮ್ಲಜನಕ ಇಲ್ಲದ ಲೋಹದ ಇಂಧನಕ್ಕೆ ಹೋದರೆ ಉಳಿತಾಯ ಎಷ್ಟೋ ಪಟ್ಟು ಏರುತ್ತದೆ. ಕಲ್ಪಾಕ್ಕಂನ ಮುಂದಿನ ಯೋಜನೆ ಆ ಕಡೆಗೇ ಇದೆ. ಥೋರಿಯಂನ ಮೂರನೇ ಹಂತ ಅದಕ್ಕೂ ಆಚೆಗಿನದು. ಅಲ್ಲಿಯವರೆಗೆ ಕೈಗಾದಂಥ ಸ್ಥಾವರಗಳೂ, ಅವುಗಳ ಸುಟ್ಟ ಇಂಧನ ಬೇರ್ಪಡಿಸುವ ಘಟಕಗಳೂ ಬಿಡುವಿಲ್ಲದೆ ನಡೆಯಬೇಕು.

ಹಾಗಾಗಿ ಪಿಎಫ್‌ಬಿಆರ್ ಬಗ್ಗೆ ಮುಂದೆ ಸುದ್ದಿ ಬಂದಾಗ 500 ಮೆಗಾವ್ಯಾಟ್ ಅನ್ನುವ ಅಂಕಿಗಿಂತ ಬೇರೆ ಎರಡು ವಿಷಯ ಹುಡುಕಿ. ವರ್ಷದಲ್ಲಿ ಎಷ್ಟು ತಿಂಗಳು ನಿಲ್ಲದೆ ಓಡಿತು? ಅದರ ಒಡಲಿನಿಂದ ತೆಗೆದ ಸುಟ್ಟ ಕಟ್ಟು ಹೊಸ ಕಡ್ಡಿಯಾಗಿ ಮತ್ತೆ ಒಳಗೆ ಹೋಗಲು ಎಷ್ಟು ವರ್ಷ ತೆಗೆದುಕೊಂಡಿತು? ಎರಡನೆಯದಕ್ಕೆ ಉತ್ತರ ಸಿಗಲು ಸ್ವಲ್ಪ ಕಾಯಬೇಕಾಗುತ್ತದೆ.